ತೂಗು ಜರಡಿಯ ಆ ಬದಿ

ಅಟ್ಟೂರು
೧೭ ನವೆಂಬರ್ ೨೦೨೪, ಭಾನುವಾರ

ಅಕ್ಬರಿ ಅಕ್ಕನಿಗೆ,

ನಾನು ಗೌರಮ್ಮ. ಯಶವಂತಪುರದ ಟೀ ಗೋಡೌನಿನಲ್ಲಿ ಇಬ್ಬರು ಹಿಡಿದು ಆಡಿಸುವ ತೂಗು ಜರಡಿಯಲ್ಲಿ ನಿನ್ನ ಎದುರು ಬದಿಯವಳು. ಇಷ್ಟು ವರ್ಷ ಮುಖಕ್ಕೆ ಮುಖ ಕೊಟ್ಟು ನಿಂತವಳು ಹೆಸರು ಹೇಳಿಕೊಳ್ಳಬೇಕಾ ಅಂತ ನೀನು ನಗಬಹುದು. ಫೋನಿಗೆ ಬರದವರ ಹತ್ತಿರ ಹೆಸರು ಹೇಳಿಕೊಂಡೇ ಮಾತು ಶುರು ಮಾಡಬೇಕು ಅನ್ನಿಸಿತು. ಐದನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ನಾನು. ಒತ್ತು ಎಲ್ಲೆಲ್ಲಿ ಬಿಟ್ಟುಹೋಗಿದೆಯೋ ಅಲ್ಲಲ್ಲಿ ನೀನೇ ಸೇರಿಸಿಕೊಂಡು ಓದು.

ಆಯುಧಪೂಜೆಗೆ ಬಂದವಳು ಮತ್ತೆ ಬರಲಿಲ್ಲ. ಅವತ್ತು ಎಂದಿನಂತೆ ನಮ್ಮ ಓನರ್ ವೇಣುಗೋಪಾಲಣ್ಣ ಊದುಬತ್ತಿ, ಕರ್ಪೂರ ಎಲ್ಲ ರಸ್ತೆಯಲ್ಲೇ ಹಚ್ಚಿದರು. ಟೀಗೆ ವಾಸನೆ ಹಿಡಿಯಬಾರದು ಅಂತ ಬಾಗಿಲ ಆಚೆ ನಿಂತೇ ಜರಡಿಗೆ ಮಂಗಳಾರತಿ ತೋರಿಸಿದರು. ನೀನು ಕಡಲೆಪುರಿ ಪೊಟ್ಟಣ ಕೈಚೀಲಕ್ಕೆ ಹಾಕಿಕೊಂಡು "ಬರ್ತೀನಿ ಗೌರಾ" ಅಂದೆ. ಬರ್ತೀನಿ ಅಂದವರು ಬರಬೇಕು ತಾನೇ?

ಫೋನು ಮಾಡಿದರೆ ನಿನ್ನ ಮಗ ಜೀಷಾನ್ ಎತ್ತುತ್ತಾನೆ. "ಅಮ್ಮೀಗೆ ಮಾತಾಡಕ್ಕಾಗಲ್ಲ ಆಂಟಿ" ಅನ್ನುತ್ತಾನೆ. ಆಗಲ್ಲ ಅಂದರೆ ಹುಷಾರಿಲ್ಲವಾ, ಮನಸ್ಸಿಲ್ಲವಾ? ಕೇಳೋಣ ಅಂದುಕೊಳ್ಳುವಷ್ಟರಲ್ಲಿ ಇಟ್ಟಿರುತ್ತಾನೆ. ಬಸ್ಸಿನಲ್ಲಿ ಕೂತು ನಾನೇನು ಮಾಡಿದೆ ಅಂತ ಹಿಂದಕ್ಕೆ ಹುಡುಕುತ್ತಾ ಹೋಗುತ್ತೇನೆ. ಬೇಸಿಗೆಯಲ್ಲಿ ನಿನ್ನ ಡಬ್ಬಿಯ ಮುಚ್ಚಳ ನನ್ನ ಹತ್ತಿರ ಉಳಿಯಿತು, ಅದಾ? ನಿನ್ನ ಸೊಸೆ ಲೈಬಾ ಮಾಡಿದ ಉಪ್ಪಿನಕಾಯಿಗೆ ಉಪ್ಪು ಜಾಸ್ತಿ ಅಂದೆ, ಅದಾ? ಕಾರಣ ಅಷ್ಟು ಚಿಕ್ಕದಿರಲಾರದು ಅಂತಲೂ ಅನ್ನಿಸುತ್ತದೆ. ದೊಡ್ಡದು ಏನು ಅಂತ ಹುಡುಕಲು ಹೆದರಿಕೆ. ಕೊನೆಕೊನೆಗೆ ನಾನೇನು ಕೇಳಿದರೂ ನೀನು ಸುಮ್ಮನೆ ನಕ್ಕು ತಲೆಯಾಡಿಸುತ್ತಿದ್ದೆ. ನನ್ನ ಮಾತು ನಿನಗೆ ಸಾಕಾಗಿದೆ ಅಂದುಕೊಂಡು ನಾನೇ ಮಾತು ಕಡಿಮೆ ಮಾಡಿದ್ದೆ. ಅದು ತಪ್ಪಾಯಿತಾ?

ಬೆಳಿಗ್ಗೆ ಒಳಗೆ ಹೋಗುವಾಗ ಮುಡಿದ ಹೂ ತೆಗೆದು ಬಾಗಿಲ ಮೊಳೆಗೆ ಸಿಕ್ಕಿಸುತ್ತೇನೆ. ಪಕ್ಕದ ಮೊಳೆ ನಿನ್ನ ಬುರ್ಖಾದ್ದು. ಅತ್ತರಿನ ವಾಸನೆ ಅಲ್ಲಿ ಇನ್ನೂ ಇದೆ. ಟೀಯೊಳಗೆ ಬರಬಾರದು ಅಂತ ಹೊರಗೆ ಬಿಟ್ಟಿದ್ದು ಹೊರಗೇ ಉಳಿದುಕೊಂಡಿದೆ.

ಮನೆಯಲ್ಲಿ ಎಲ್ಲ ಹಾಗೇ. ನಮ್ಮೆಜಮಾನರು ನರಸಯ್ಯ ಜಕ್ಕೂರಿನ ಅಪಾರ್ಟ್‌ಮೆಂಟಿನಲ್ಲಿ ರಾತ್ರಿ ಕಾವಲು. ನಾನು ಬರುವ ಹೊತ್ತಿಗೆ ಅವರು ಹೊರಡುತ್ತಾರೆ. ಹೊಸಿಲಲ್ಲಿ ಬೀಗದ ಕೈ ಕೊಟ್ಟು ತಗೊಳ್ಳುವುದೇ ಸಂಸಾರ. ಈಗ ಭಾನುವಾರ ಅಂತ ಮನೆಯಲ್ಲಿದ್ದಾರೆ. "ಇಂಗೆ ಕಾಗ್ದ ಬರೀತಾ ಕುಂತ್ರೆ ಸಾರು ಯಾರ್ ಮಾಡ್ತಾರೆ?" ಅಂತ ಕೇಳಿದರು. ಪಾಪ, ಮಾತಾಡಿಸಲು ಅವರಿಗೆ ಅದೊಂದೇ ಸಿಕ್ಕಿದ್ದು.

ನಮ್ಮ ಗೂಡ್ಸ್ ಆಟೋ ರಿಯಾಜ್ ತಣಿಸಂದ್ರದ ಹೋಟೆಲುಗಳಿಗೆ ಟೀ ಇಳಿಸಲು ಬರುತ್ತಾನಲ್ಲ, ಅವನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಮುಚ್ಚಳವನ್ನೂ ಇಟ್ಟಿದ್ದೇನೆ. ಬಾ ಅಂತ ಬಲವಂತ ಇಲ್ಲ. ಯಾಕೆ ಅಂತ ಮಾತ್ರ ಹೇಳಿಬಿಡು.

ನಿನ್ನ ಎದುರು ಬದಿಯ
ಗೌರ


ತಣಿಸಂದ್ರ
೨ ಡಿಸೆಂಬರ್ ೨೦೨೪

ಗೌರಾ,

ಮುಚ್ಚಳ ಸಿಕ್ಕಿತು. ಅದು ನನ್ನ ಡಬ್ಬಿಯದಲ್ಲ. ಯಾರದೋ ಕದ್ದಿದ್ದೀಯ, ವಾಪಸ್ ಕೊಡು.

ನೀನೇನೂ ಮಾಡಿಲ್ಲ. ನನ್ನ ಕಿವಿ ಹೋಗಿದೆ. ಹೋದ ವರ್ಷ ಜ್ವರ ಬಂತಲ್ಲ, ವಾಪಸ್ ಹೋಗುವಾಗ ಕಿವಿಯನ್ನೂ ಸ್ವಲ್ಪಸ್ವಲ್ಪವೇ ತಗೊಂಡು ಹೋಯಿತು. ಮೊದಲು ಎಡಗಡೆ, ಆಮೇಲೆ ಎರಡೂ. ಯಾರಿಗೂ ಹೇಳಲಿಲ್ಲ. ಜರಡಿ ಯಾವಾಗ ನಿಲ್ಲಿಸಬೇಕು ಅಂತ ಹೇಳುವುದೇ ಸದ್ದು. ಆ ಸದ್ದು ಕೇಳಿಸದವಳು ಅಲ್ಲಿ ನಿಂತು ಏನು ಮಾಡಬೇಕು? ಕೊನೆಯ ಒಂದು ವರ್ಷ ನಾನು ನಿನ್ನ ಮುಖ ನೋಡಿ ನಿಲ್ಲಿಸುತ್ತಿದ್ದೆ. ನಿನ್ನ ಹುಬ್ಬು ಒಂದು ಚೂರು ಮೇಲೆ ಹೋಗುತ್ತದೆ. ಅಷ್ಟು ಸಾಕಿತ್ತು. ಒಂದು ದಿನ ನಿನಗೆ ನೆಗಡಿಯಾಗಿ ಹುಬ್ಬು ಸುಮ್ಮಸುಮ್ಮನೆ ಏರಿತು ಅನ್ನು, ವೇಣುಗೋಪಾಲಣ್ಣನ ಟೀ ಏನಾಗಬೇಕು? ಅದಕ್ಕೇ ಬಿಟ್ಟೆ.

ನಿನ್ನ ಮಾತು ಸಾಕಾಗಿರಲಿಲ್ಲ. ನೀನು ಏನು ಹೇಳುತ್ತಿದ್ದೀಯ ಅಂತ ಗೊತ್ತಾಗದೆ ನಗುತ್ತಿದ್ದೆ. ಒಂದು ಸಲ ನೀನು ಅಳುತ್ತಾ ಏನೋ ಹೇಳಿದಾಗಲೂ ನಕ್ಕಿರಬೇಕು. ಆಮೇಲೆ ನಿನ್ನ ಕಣ್ಣು ನೋಡಿ ಗೊತ್ತಾಯಿತು. ಅದೇನಾಗಿತ್ತು ಅವತ್ತು? ಬರೆದು ತಿಳಿಸು.

ಫೋನಿಗೆ ಮೆಸೇಜು ಹಾಕಬೇಡ, ಅದು ಜೀಷಾನ್‌ದು, ಮನೆಯವರೆಲ್ಲ ಓದುತ್ತಾರೆ. ಇಲ್ಲಿಗೂ ಬರಬೇಡ. ಬೇಜಾರು ಮಾಡಿಕೊಳ್ಳಬೇಡ ಗೌರಾ. ಎದುರಿಗೆ ಬಂದರೆ ನಿನ್ನ ಬಾಯಿ ಆಡುವುದು ಮಾತ್ರ ಕಾಣುತ್ತದೆ. ಕಾಗದದಲ್ಲಿ ನಿನ್ನ ದನಿ ಕೇಳಿಸಿತು. ಆ ಉಪ್ಪಿನಕಾಯಿಯ ಸಾಲಂತೂ ಪೂರ್ತಿ ನಿನ್ನದೇ ದನಿ. ಉಪ್ಪು ಜಾಸ್ತಿ ಇತ್ತು, ನಿಜ.

ಅಕ್ಬರಿ


ಅಟ್ಟೂರು
೧೫ ಡಿಸೆಂಬರ್ ೨೦೨೪, ಭಾನುವಾರ

ಅಕ್ಕಾ,

ನಿನ್ನ ಕಾಗದವನ್ನು ಬಸ್ಸಿನಲ್ಲಿ ಓದಿ ಇಳಿಯುವ ಸ್ಟಾಪು ಬಿಟ್ಟು ಮುಂದೆ ಹೋದೆ. ವಾಪಸ್ ನಡೆದು ಬರುವಾಗ ಕಿವಿಗೆ ಸೆರಗು ಒತ್ತಿಕೊಂಡು ನೋಡಿದೆ, ನಿನಗೆ ಹೇಗಿರುತ್ತದೆ ಅಂತ. ಬಸ್ಸಿನ ಹಾರನ್ ಆದರೂ ಕೇಳುತ್ತಲೇ ಇತ್ತು. ನಿನಗೆ ಅದೂ ಇಲ್ಲ. ರಸ್ತೆ ಹೇಗೆ ದಾಟುತ್ತೀಯ? ಒಬ್ಬಳೇ ದಾಟಬೇಡ. ಹಾಲು ಉಕ್ಕುವುದು ಹೇಗೆ ಗೊತ್ತಾಗುತ್ತದೆ? ಒಲೆಯ ಹತ್ತಿರವೇ ನಿಂತಿರು.

ಅವತ್ತು ಅತ್ತಿದ್ದು ನನ್ನ ತಂಗಿಯ ವಿಷಯಕ್ಕೆ. ಗೃಹಪ್ರವೇಶಕ್ಕೆ ಎಲ್ಲರನ್ನೂ ಕರೆದು ನನ್ನನ್ನು ಬಿಟ್ಟಿದ್ದಳು. ನೀನು ನಕ್ಕಿದ್ದು ನೋಡಿ, ಇದು ಅಳುವಂಥ ವಿಷಯವೇ ಅಲ್ಲವೇನೋ ಅಂದುಕೊಂಡು ಕಣ್ಣೊರೆಸಿಕೊಂಡೆ. ಹಾಗಾಗಿ ಒಳ್ಳೆಯದೇ ಆಯಿತು.

ಈಗ ಮುಖ್ಯ ವಿಷಯ. ಭಯವಾದಾಗ ಗೊತ್ತಿರುವುದನ್ನೇ ಮೊದಲಿಂದ ಒಂದು ಸಲ ಹೇಳಿಕೊಳ್ಳುವುದು ನನ್ನ ಅಭ್ಯಾಸ, ಬೈಯಬೇಡ. ನೀಲಗಿರಿಯಿಂದ ಬರುವ ಚೀಲಗಳು ಲಾರಿಯಲ್ಲಿ ಕುಲುಕಿ ದಪ್ಪ ಕಾಳೆಲ್ಲ ಒಡೆದಿರುತ್ತದೆ. ಅದಕ್ಕೇ ನಾವು ಮತ್ತೆ ಜರಡಿ ಹಿಡಿಯುವುದು. ತೂಗು ಜರಡಿಯ ಹಿಡಿಯನ್ನು ಇಬ್ಬರು ಎರಡು ಬದಿಯಿಂದ ಹಿಡಿದು ಆಡಿಸಿದರೆ ಮೇಲುಳಿಯುವ ದಪ್ಪ ಕಾಳು ಮನೆಗಳಿಗೆ, ಕೆಳಗಿನ ಸಣ್ಣ ಕಣ್ಣಿನ ಜರಡಿಯಲ್ಲಿ ನಿಲ್ಲುವ ನಡುಕಾಳು ಹೋಟೆಲಿಗೆ, ಟಾರ್ಪಾಲಿನ ಮೇಲೆ ಬೀಳುವ ಡಸ್ಟು ರಸ್ತೆಬದಿಯ ಗಾಡಿಗಳಿಗೆ. ಬೇಗ ನಿಲ್ಲಿಸಿದರೆ ಡಸ್ಟು ಕಾಳಿನಲ್ಲೇ ಉಳಿದು ಟೀ ಬಗ್ಗಡವಾಗುತ್ತದೆ. ತಡ ಮಾಡಿದರೆ ಒಳ್ಳೆಯ ಕಾಳೂ ಒಂದಕ್ಕೊಂದು ಉಜ್ಜಿ ಡಸ್ಟಾಗುತ್ತದೆ. ಒದ್ದೆ ಮರಳಿನಂಥ ಸದ್ದು ಹೋಗಿ ತಗಡಿನ ಮೇಲೆ ಎಳ್ಳು ಉರುಳಿಸಿದ ಸದ್ದು ಬಂದ ತಕ್ಷಣ ಕೈ ನಿಲ್ಲಬೇಕು. ನೀನೇ ಕಲಿಸಿದ್ದು.

ನೀನು ಬಿಟ್ಟಮೇಲೆ ನಿನ್ನ ಬದಿಗೆ ಒಂದು ಸಿಮೆಂಟ್ ಇಟ್ಟಿಗೆ ಕಟ್ಟಿಕೊಂಡು ಒಬ್ಬಳೇ ಆಡಿಸುತ್ತಿದ್ದೇನೆ. ನಾನು ದೂಡಿದರೆ ಹೋಗುತ್ತದೆ, ಬಿಟ್ಟರೆ ಬರುತ್ತದೆ. ಇಟ್ಟಿಗೆ ಅಷ್ಟು ಮಾತ್ರ ಮಾಡುತ್ತದೆ. ಯಲಹಂಕದ ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲ್ ಲಕ್ಕಣ್ಣನವರು ಬಂದು ಟೀ ಪೊಟ್ಟಣ ನನ್ನ ಮುಂದೆಯೇ ಬಿಚ್ಚಿದರು.

"ಇದೇನಮ್ಮ ಗೌರಮ್ಮಾ, ನಡುಕಾಳು ಅಂತ ಕೊಟ್ಟು ರಾಗಿಹಿಟ್ಟು ಕಳ್ಸಿದ್ದೀರ? ಗಿರಾಕಿ ಲೋಟದ ತಳ ತೋರ್ಸಿ, ಅಣ್ಣಾ ಇದ್ನ ಕುಡೀಬೇಕಾ, ಗಿಡಕ್ ಹಾಕ್ಬೇಕಾ ಅಂತವ್ನೆ."

ವೇಣುಗೋಪಾಲಣ್ಣ ಅವರ ಮುಂದೆ ನನ್ನನ್ನು ಬೈಯಲಿಲ್ಲ. ಆಮೇಲೆ ಹೇಳಿದರು: "ನೋಡಮ್ಮ, ಇಟ್ಗೆನೆಲ್ಲ ನಂಬಿ ನಾನು ಟೀ ಕೊಡಕ್ಕಾಗಲ್ಲ. ಯುಗಾದಿವರ್ಗೂ ನೋಡ್ತೀನಿ. ಎದುರ್ಗಡೆ ಯಾರಾದ್ರೂ ನಿಂತ್ರೆ ಸರಿ, ಇಲ್ಲಾಂದ್ರೆ ಜರಡಿ ಬಿಚ್ಸಿ ಮೆಷಿನ್ ಹಾಕ್ಸ್ತೀನಿ. ನೀವು ಮೇಲ್ಗಡೆ ಪ್ಯಾಕೆಟ್ ಸೀಲ್ ಮಾಡಿ, ಕೆಲ್ಸಕ್ಕೇನೂ ಮೋಸ ಇಲ್ಲ."

ಕೆಲಸಕ್ಕೆ ಮೋಸವಿಲ್ಲ, ನನಗೆ ಗೊತ್ತು. ಮೇಲ್ಗಡೆಯ ಕೋಣೆ ನೋಡಿದ್ದೀಯಲ್ಲ, ಗೋಡೆಗೆ ಮುಖ ಮಾಡಿ ಕೂರಬೇಕು. ನಾನು ಬಾಯಿಗೆ ಬಂದ ಹಾಗೆ "ಅಕ್ಬರಕ್ಕ ಬರ್ತಾಳೆ ಅಣ್ಣಾ, ಖಂಡಿತ ಬರ್ತಾಳೆ" ಅಂದುಬಿಟ್ಟೆ.

ಬಾ ಅಕ್ಕಾ. ನನ್ನ ಹುಬ್ಬು ನೋಡಿಕೊಂಡೇ ನಿಲ್ಲಿಸು. ಹುಬ್ಬು ಸಾಲದಿದ್ದರೆ ತಲೆ ಆಡಿಸುತ್ತೇನೆ. ಯಾರಿಗೂ ಹೇಳುವುದಿಲ್ಲ.

ಗೌರ

ಮುಚ್ಚಳ ಯಾರದು ಅಂತ ಎಲ್ಲರನ್ನೂ ಕೇಳಿದೆ. ಯಾರೂ ಒಪ್ಪಿಕೊಳ್ಳುತ್ತಿಲ್ಲ.


ಅಟ್ಟೂರು
೧೨ ಜನವರಿ ೨೦೨೫, ಭಾನುವಾರ

ಅಕ್ಕಾ,

ಕಾಗದ ತಲುಪಿತಾ? ರಿಯಾಜ್ ಕೊಟ್ಟೆ ಅನ್ನುತ್ತಾನೆ. "ಖಾಲಾ ತಗೊಂಡು ಒಳಗ್ ಹೋದ್ರು, ಏನೂ ಹೇಳ್ಲಿಲ್ಲ" ಅನ್ನುತ್ತಾನೆ. ಮುಖ ಹೇಗಿತ್ತು ಅಂತ ಕೇಳಿದೆ. "ಮುಖ ಮುಖದ್ ಥರಾನೇ ಇತ್ತು ಗೌರಮ್ಮ, ನಂಗೆ ಇನ್ನೂ ನಾಕು ಕಡೆ ಇಳಿಸೋದಿದೆ" ಅಂದ. ಅವನ ಹತ್ತಿರ ಒಂದು ವಿಷಯ ತಿಳಿದುಕೊಳ್ಳುವುದೂ ಕಷ್ಟ.

ಒಂದು ಮಾತು ಹೇಳಬೇಕು, ಕೋಪ ಮಾಡಿಕೊಳ್ಳಬೇಡ. ಹೋದ ಭಾನುವಾರ ನಾನು ತಣಿಸಂದ್ರಕ್ಕೆ ಬಂದಿದ್ದೆ. ಬರಬೇಡ ಅಂದಿದ್ದೆ ನೀನು, ಅದಕ್ಕೆ ಒಳಗೆ ಬರಲಿಲ್ಲ. ನಿಮ್ಮ ಬಿಲ್ಡಿಂಗಿನ ಎದುರುಗಡೆ ಎಳನೀರು ಗಾಡಿಯ ಪಕ್ಕ ನಿಂತಿದ್ದೆ. ಸುಮ್ಮನೆ ನಿಂತರೆ ಏನಂದುಕೊಳ್ಳುತ್ತಾರೋ ಅಂತ ಒಂದು ಎಳನೀರು ಕುಡಿದೆ. ಆಮೇಲೂ ನಿಂತಿದ್ದಕ್ಕೆ ಅವನು "ಅಡ್ರೆಸ್ ಗೊತ್ತಾಗ್ಲಿಲ್ವಾಮ್ಮ?" ಅಂತ ಕೇಳಿದ. ಗೊತ್ತಾಗಲಿಲ್ಲ ಅಂದೆ.

ಮೂರನೇ ಮಹಡಿಯ ಬಾಲ್ಕನಿಯಲ್ಲಿ ನಿನ್ನ ಹಸಿರು ಓಢಣಿ ಒಣಗಲು ಹಾಕಿತ್ತು, ಅಂಚಿನಲ್ಲಿ ಟೀ ಕಲೆ ಇರುವುದು. ಅದನ್ನು ನೋಡಿ ಮನಸ್ಸಿಗೆ ಸಮಾಧಾನವಾಯಿತು. ಬಟ್ಟೆ ಒಗೆದು ಹಾಕುವಷ್ಟು ಹುಷಾರಾಗಿದ್ದಾಳೆ ಅಂದುಕೊಂಡೆ. ಅರ್ಧ ದಾರಿಗೆ ಬಂದಮೇಲೆ, ಲೈಬಾ ಒಗೆದು ಹಾಕಿರಬಹುದಲ್ಲ ಅಂತ ಹೊಳೆಯಿತು. ಅಲ್ಲಿಂದ ಮತ್ತೆ ಚಿಂತೆ.

ಸಂಕ್ರಾಂತಿಗೆ ಎಳ್ಳುಬೆಲ್ಲ ಕಳಿಸಿದ್ದೇನೆ. ಕೊಬ್ಬರಿ ಈ ಸಲ ಸಣ್ಣಗೆ ಹೆಚ್ಚಿದ್ದೇನೆ. ನಿನ್ನ ಹಲ್ಲು ನೆನಪಿದೆ. ಏನನ್ನೂ ಬರೆಯಲು ಮನಸ್ಸಿಲ್ಲದಿದ್ದರೆ ಖಾಲಿ ಡಬ್ಬಿಯನ್ನಾದರೂ ರಿಯಾಜ್ ಕೈಯಲ್ಲಿ ವಾಪಸ್ ಕಳಿಸು. ತಿಂದೆ ಅಂತ ತಿಳಿದುಕೊಳ್ಳುತ್ತೇನೆ.

ಗೌರ


ತಣಿಸಂದ್ರ
೧೬ ಫೆಬ್ರವರಿ ೨೦೨೫

ಗೌರಾ,

ಎಳ್ಳುಬೆಲ್ಲ ತಿಂದೆ. ಡಬ್ಬಿ ಕಳಿಸಿಲ್ಲ, ಅದು ಚೆನ್ನಾಗಿದೆ, ಇಟ್ಟುಕೊಂಡಿದ್ದೇನೆ.

ಅವತ್ತು ನೀನು ಬಂದಿದ್ದನ್ನು ನೋಡಿದೆ. ಓಢಣಿಯ ಹಿಂದೆ ನಾನೇ ನಿಂತಿದ್ದೆ. ಎಳನೀರು ಕುಡಿದು ಸೆರಗಿನಲ್ಲಿ ಬಾಯಿ ಒರೆಸಿಕೊಂಡೆ, ಗಾಡಿಯವನಿಗೆ ಏನೋ ಸುಳ್ಳು ಹೇಳಿದೆ. ನಿನ್ನ ಮುಖ ನೋಡಿದರೆ ಸುಳ್ಳು ಗೊತ್ತಾಗುತ್ತದೆ. ಕೂಗಿ ಕರೆಯೋಣ ಅನ್ನಿಸಿತು. ಆದರೆ ನಾನು ಕೂಗಿದರೆ ಎಷ್ಟು ಜೋರಾಗಿ ಬರುತ್ತದೆ ಅಂತ ನನಗೇ ತಿಳಿಯುವುದಿಲ್ಲ. ಒಮ್ಮೆ ಮೊಮ್ಮಗುವನ್ನು ಮೆಲ್ಲಗೆ ಕರೆದೆ ಅಂದುಕೊಂಡೆ, ಪಕ್ಕದ ಮನೆಯವರು ಬಾಗಿಲು ತೆಗೆದು ನೋಡಿದರು. ಅಂದಿನಿಂದ ಕೂಗುವುದನ್ನು ಬಿಟ್ಟಿದ್ದೇನೆ.

ಜೀಷಾನ್ ಕಿವಿಗೆ ಮೆಷಿನ್ ತಂದುಕೊಟ್ಟ. ಒಳ್ಳೆಯ ಹುಡುಗ. ಹಾಕಿಕೊಂಡೆ. ಮಿಕ್ಸಿ, ಲಿಫ್ಟು, ಕುಕ್ಕರು, ಲೈಬಾ ಮಾತು, ಹೊರಗಿನ ಗಾಡಿ ಎಲ್ಲ ಒಟ್ಟಿಗೆ ಒಂದೇ ಚೀಲದಲ್ಲಿ ಸುರಿದ ಹಾಗೆ ಬಂತು. ದಪ್ಪ ಯಾವುದು, ಡಸ್ಟು ಯಾವುದು ಬೇರೆಯಾಗಲಿಲ್ಲ. ಮನುಷ್ಯರ ಕಿವಿಯೊಳಗೂ ಒಂದು ಜರಡಿ ಇರುತ್ತದೆ, ನನ್ನದು ಹರಿದಿದೆ. ಮೆಷಿನನ್ನು ತೆಗೆದು ಡಬ್ಬಿಯಲ್ಲಿಟ್ಟೆ. ಅವನಿಗೆ ಬೇಜಾರಾಗಬಾರದು ಅಂತ ಊಟಕ್ಕೆ ಕೂರುವಾಗ ಮಾತ್ರ ಹಾಕಿಕೊಳ್ಳುತ್ತೇನೆ.

ಕಳೆದ ವಾರ ಯಲಹಂಕದ ವಿಮಾನ ಪ್ರದರ್ಶನ ನಡೆಯಿತಲ್ಲ, ನಿಮ್ಮ ಅಟ್ಟೂರಿನಲ್ಲಂತೂ ತಲೆ ಮೇಲೆಯೇ ಹಾರಿರಬೇಕು. ನನಗೆ ಒಂದೂ ಕೇಳಿಸಲಿಲ್ಲ. ಎಲ್ಲರೂ ಕಿವಿ ಮುಚ್ಚಿಕೊಂಡು ಮೇಲೆ ನೋಡುತ್ತಿದ್ದರು. ನಾನು ಕಿಟಕಿಯ ಗಾಜಿಗೆ ಅಂಗೈ ಇಟ್ಟೆ. ಗಾಜು ಅದುರಿತು. ಅಷ್ಟು ಸಿಕ್ಕಿತು.

ನಾನು ಬರುವುದಿಲ್ಲ ಗೌರಾ. ನನ್ನ ಕೆಲಸವನ್ನು ನಿನ್ನ ಹುಬ್ಬಿನ ಮೇಲೆ ಹೇರಿ ನಾನು ನಿಲ್ಲಲಾರೆ. ಬೇರೆ ಯಾರನ್ನಾದರೂ ನಿಲ್ಲಿಸಿಕೊ. ಇಟ್ಟಿಗೆಯನ್ನು ಬಿಚ್ಚಿಹಾಕು, ಕೇಳಿದರೇ ಸಂಕಟವಾಗುತ್ತದೆ.

ಅಕ್ಬರಿ


ಅಟ್ಟೂರು
೨೩ ಫೆಬ್ರವರಿ ೨೦೨೫, ಭಾನುವಾರ

ಅಕ್ಕಾ,

ನೀನು ಹೇಳಿದ ಹಾಗೆ ಇಟ್ಟಿಗೆ ಬಿಚ್ಚಿದೆ. ವೇಣುಗೋಪಾಲಣ್ಣ ರಮ್ಯ ಅಂತ ಒಬ್ಬ ಹುಡುಗಿಯನ್ನು ನಿನ್ನ ಬದಿಗೆ ನಿಲ್ಲಿಸಿದರು. ಆರ್.ಟಿ. ನಗರದವಳು. ಒಳ್ಳೆಯ ಮಗು, ನಗುನಗುತ್ತಾ ಇರುತ್ತಾಳೆ. ಹಿಡಿ ಹಿಡಿದು, "ಎಷ್ಟೊತ್ ಆಡ್ಸ್ಬೇಕು ಆಂಟಿ?" ಅಂದಳು.

"ಸದ್ದು ಬದ್ಲಾಗೋವರ್ಗೂ" ಅಂದೆ, ದೊಡ್ಡ ಮೇಷ್ಟ್ರ ಥರ.

ಸ್ವಲ್ಪ ಹೊತ್ತಾಯಿತು. "ಈಗ ಬದ್ಲಾಯ್ತಾ?"

"ಇನ್ನೂ ಇಲ್ಲ."

"ಈಗ?"

ನಾನು ಹಿಡಿಯನ್ನು ಇನ್ನೊಂದು ಸಲ ದೂಡಿದೆ.

"ಆಂಟಿ, ನಿಮ್ಗೇ ಗೊತ್ತಾಗ್ತಿಲ್ಲ ಅಲ್ವಾ?" ಅಂದಳು. ಕೆಟ್ಟ ಮನಸ್ಸಿಂದ ಅಂದಿದ್ದಲ್ಲ, ನಕ್ಕೊಂಡೇ ಅಂದಳು. ನಿಜ ಅಕ್ಕಾ, ನನಗೆ ಗೊತ್ತಾಗುತ್ತಿರಲಿಲ್ಲ. ಅಷ್ಟು ಹೊತ್ತೂ ನಾನು ಸದ್ದು ಕೇಳುತ್ತಿರಲಿಲ್ಲ, ಅವಳ ಕೈ ನೋಡುತ್ತಿದ್ದೆ. ಅದು ಯಾವಾಗ ನಿಧಾನ ಆಗುತ್ತದೆ ಅಂತ ಕಾಯುತ್ತಿದ್ದೆ.

ನಿನ್ನ ಕೈಯನ್ನು ನೋಡುತ್ತಿದ್ದ ಹಾಗೆ.

ಇದನ್ನು ಹೇಗೆ ಬರೆಯುವುದು ಅಂತ ಪೆನ್ನು ಇಟ್ಟು ಎದ್ದು ಎರಡು ಸಲ ಗ್ಯಾಸ್ ಆಫ್ ಆಗಿದೆಯಾ ನೋಡಿ ಬಂದೆ. ನಾನು ಸೇರಿದ ದಿನದಿಂದ ಇವತ್ತಿನವರೆಗೂ ಜರಡಿಯ ಸದ್ದನ್ನು ಕೇಳಿ ನಿಲ್ಲಿಸಿದವಳಲ್ಲ. ಕೇಳಿದರೂ ನನ್ನ ಕಿವಿಯ ಮೇಲೆ ನನಗೆ ಧೈರ್ಯವಿಲ್ಲ. ಬದಲಾಯಿತು ಅನ್ನಿಸುತ್ತದೆ, ಇಲ್ಲವೇನೋ ಅಂತಲೂ ಅನ್ನಿಸುತ್ತದೆ. ಅದಕ್ಕೇ ನಿನ್ನ ಕೈ ನೋಡುವುದು. ನಿನ್ನ ಹೆಬ್ಬೆರಳು ಹಿಡಿಯ ಮೇಲೆ ಸ್ವಲ್ಪ ಸಡಿಲವಾದರೆ ನಾನೂ ಬಿಡುವುದು. ಆಗ ನನ್ನ ಹುಬ್ಬು ಏರುತ್ತಿತ್ತೋ ಏನೋ, ಉಸಿರು ಬಿಟ್ಟ ಹಾಗೆ. ಅದನ್ನು ನೋಡಿ ನೀನು ನಿಲ್ಲಿಸುತ್ತಿದ್ದೆ ಅಂತ ಬರೆದಿದ್ದೀಯ.

ಹಾಗಾದರೆ ನೀನು ಬಿಡುವ ಮುಂಚಿನ ಒಂದು ವರ್ಷ ಆ ಜರಡಿಯ ಸದ್ದನ್ನು ಕೇಳಿದವರು ಯಾರು? ನನ್ನ ತಲೆಗೆ ಹೋಗುತ್ತಿಲ್ಲ. ಆ ವರ್ಷ ಒಂದು ಹೋಟೆಲಿನವರೂ ತಕರಾರು ತಂದಿಲ್ಲ. ಲಕ್ಕಣ್ಣನವರಂತೂ ಆ ವರ್ಷದ ದೀಪಾವಳಿಗೆ ಮೈಸೂರ್‌ಪಾಕ್ ಕಳಿಸಿದ್ದರು, ನಿನಗೆ ನೆನಪಿರಬೇಕು.

ರಮ್ಯ ಕೆಲಸ ಬಿಟ್ಟಳು. ಹೆಬ್ಬಾಳದ ಹತ್ತಿರ ಮಾಲ್‌ನಲ್ಲಿ ಸಿಕ್ಕಿತಂತೆ, ಮೂಗಿಗೆ ಧೂಳು ಹೋಗುವುದಿಲ್ಲವಂತೆ. ನಿನ್ನ ಬದಿ ಮತ್ತೆ ಖಾಲಿ.

ನನ್ನ ಮೇಲೆ ನಿನ್ನ ಕೆಲಸವನ್ನೇನೂ ನೀನು ಹೇರಿರಲಿಲ್ಲ ಅಕ್ಕಾ. ನಾನೇ ಮೊದಲಿಂದ ನಿನ್ನ ಮೇಲೆ ಹೇರಿ ನಿಂತಿದ್ದೆ. ಈಗಾದರೂ ಬರುತ್ತೀಯಾ?

ಗೌರ


ತಣಿಸಂದ್ರ
೯ ಮಾರ್ಚ್ ೨೦೨೫

ಗೌರಾ,

ರಂಜಾನ್ ಉಪವಾಸದಲ್ಲಿದ್ದೇನೆ, ಉದ್ದ ಬರೆಯುವ ಶಕ್ತಿಯಿಲ್ಲ. ನಿನ್ನ ಕಾಗದ ಓದಿ ಅಡಿಗೆಮನೆಯಲ್ಲಿ ಒಬ್ಬಳೇ ನಕ್ಕೆ. ಜೋರಾಗಿ ನಕ್ಕಿರಬೇಕು. ಲೈಬಾ ಓಡಿ ಬಂದಳು.

ಹಬ್ಬ ಮುಗಿಯಲಿ. ಅದರ ಮುಂದಿನ ವಾರ ಒಂದು ದಿನ ಬರುತ್ತೇನೆ. ಒಂದು ಸಲ ಆಡಿಸಿ ನೋಡೋಣ. ಸರಿ ಬಂದರೆ ಉಳಿಯುತ್ತೇನೆ. ನನ್ನ ಮೊಳೆಯ ಮೇಲೆ ನಿನ್ನ ಹೂ ಸಿಕ್ಕಿಸಿದ್ದರೆ ತೆಗೆದಿಡು.

ಅಕ್ಬರಿ


ಅಟ್ಟೂರು
೧೩ ಏಪ್ರಿಲ್ ೨೦೨೫, ಭಾನುವಾರ

ಅಕ್ಕಾ,

ಮಂಗಳವಾರ ನೀನು ಬಂದು, ಆಗಿದ್ದು ಆಗಿ, ಬುರ್ಖಾ ಹಾಕಿಕೊಂಡು ಹೊರಟುಬಿಟ್ಟೆ. ಅವತ್ತು ಯಾರು ಏನಂದರು ಅಂತ ನಿನಗೆ ಕೇಳಿಸಿರಲಾರದು. ತಪ್ಪು ತಿಳಿದುಕೊಂಡಿದ್ದೀಯ ಅಂತ ನನಗೆ ಭಯ. ಅದಕ್ಕೇ ಎಲ್ಲವನ್ನೂ ಬರೆಯುತ್ತೇನೆ.

ನೀನು ಒಳಗೆ ಕಾಲಿಟ್ಟಾಗ ರಿಯಾಜ್ ಚೀಲ ಹೊತ್ತುಕೊಂಡೇ "ಖಾಲಾ ಬಂದ್ರು! ಇನ್ಮೇಲೆ ಗೌರಮ್ಮನ್ ಪೋಸ್ಟ್‌ಮ್ಯಾನ್ ಕೆಲ್ಸ ತಪ್ತು ನಂಗೆ" ಅಂದ. ವೇಣುಗೋಪಾಲಣ್ಣ ಕೈಮುಗಿದರಲ್ಲ, ಆಗ ಅಂದಿದ್ದು: "ಅಕ್ಬರಮ್ಮಾ, ತುಂಬಾ ಇಳ್ದೋಗಿದ್ದೀರ. ಹಬ್ಬ ಚೆನ್ನಾಗಾಯ್ತಾ?" ನೀನು "ಎರಡು ಚೀಲ ಆದ್ರೂ ಆಗುತ್ತೆ" ಅಂತ ಉತ್ತರ ಕೊಟ್ಟೆ. ಯಾರೂ ನಗಲಿಲ್ಲ ಅಕ್ಕಾ, ಆಣೆ ಮಾಡಿ ಹೇಳುತ್ತೇನೆ. ಮೆಷಿನ್ ಕೂರಿಸಲು ಅಳತೆ ತಗೊಳ್ಳುತ್ತಿದ್ದವನು ಮಾತ್ರ ಜರಡಿ ನೋಡಿ "ಏನ್ ಸಾರ್ ಇದು, ಉಯ್ಯಾಲೆನಾ?" ಅಂದ. ಅದಕ್ಕೆ ಅಣ್ಣ "ಹೂಂ ಕಣಪ್ಪ, ನಮ್ಮಮ್ಮಂದ್ರು ಆಡೋದು. ನೀನು ಅಳ್ತೆ ತಗೊ" ಅಂದರು.

ಆಮೇಲೆ ಅರ್ಧ ಚೀಲ ಸುರಿದು ನಾವು ಶುರು ಮಾಡಿದೆವು. ನಾನು ಅವತ್ತು ಒಂದು ನಿರ್ಧಾರ ಮಾಡಿಕೊಂಡು ಬಂದಿದ್ದೆ. ನಿನ್ನ ಕೈ ನೋಡಬಾರದು, ಕಣ್ಣು ಮುಚ್ಚಿಕೊಂಡಾದರೂ ಸರಿ ಸದ್ದನ್ನೇ ಕೇಳಬೇಕು, ಕೇಳಿ ನಿನಗೆ ಸರಿಯಾಗಿ ತೋರಿಸಬೇಕು ಅಂತ. ಮೊದಲು ಒದ್ದೆ ಮರಳು. ದಪ್ಪ ಸದ್ದು, ಎದೆಯ ಹತ್ತಿರ ಬರುವಂಥದ್ದು. ಅದರೊಳಗಿಂದ ನಿಧಾನವಾಗಿ ಇನ್ನೊಂದು ಸದ್ದು ಎದ್ದಿತು. ಕಾಳು ಹಗುರಾಗಿ ತಂತಿಯ ಮೇಲೆ ಓಡಾಡುವುದು. ಎಳ್ಳೇ ಅದು, ತಗಡಿನ ಮೇಲಿನ ಎಳ್ಳೇ. ಇಷ್ಟು ವರ್ಷ ನನ್ನ ಕೈಕೆಳಗೇ ಇದ್ದ ಸದ್ದು. ಎಷ್ಟು ಚೆನ್ನಾಗಿದೆ ಅಕ್ಕಾ! ನಿನಗೆ ಅದು ಇಲ್ಲವಲ್ಲ ಅಂತ ಆಗ ಸರಿಯಾಗಿ ಅರ್ಥವಾಯಿತು.

ಕಣ್ಣು ಬಿಟ್ಟೆ. ನೀನು ನನ್ನ ಮುಖವನ್ನೇ ನೋಡುತ್ತಿದ್ದೆ.

ನಿಲ್ಲಿಸಬೇಕಾದ ಹೊತ್ತು ನನಗೆ ಗೊತ್ತಾಗಿತ್ತು. ಈ ಸಲ ಅನುಮಾನವೇ ಇರಲಿಲ್ಲ. ಆದರೂ ಹುಬ್ಬು ಏರಿಸಲಿಲ್ಲ, ತಲೆ ಆಡಿಸಲಿಲ್ಲ, ಕೈ ಬಿಡಲಿಲ್ಲ. ಯಾಕೆ ಅಂತ ಬರೆಯಲು ನನಗೆ ಬರುವುದಿಲ್ಲ. ಜರಡಿ ನಿನ್ನ ಕಡೆ ಹೋಗುತ್ತಿತ್ತು, ನನ್ನ ಕಡೆ ಬರುತ್ತಿತ್ತು. ಎಳ್ಳಿನ ಸದ್ದು ಹೋಗಿ ಬರೀ ತಂತಿ ಕೆರೆಯುವ ಸದ್ದು ಬರುವವರೆಗೂ.

ವೇಣುಗೋಪಾಲಣ್ಣ ಬಂದು ಜರಡಿಯನ್ನು ಕೈಯಿಂದ ತಡೆದರು. ಮೇಲೆ ದಪ್ಪ ಕಾಳು ಹಿಡಿಯಷ್ಟೂ ಇರಲಿಲ್ಲ. ಅವರು ಟಾರ್ಪಾಲಿನಿಂದ ಒಂದು ಚಿಟಿಕೆ ತಗೊಂಡು ಬೆರಳಲ್ಲಿ ಉಜ್ಜಿ ಬಾಯಿ ತೆರೆದು ಏನೋ ಹೇಳಿದರಲ್ಲ, ನೀನು ಮುಖ ತಗ್ಗಿಸಿ ಹೊರಟಿದ್ದು ಆಗಲೇ. ಬೈದರು ಅಂದುಕೊಂಡೆಯಾ? ಬೈಯಲಿಲ್ಲ ಅಕ್ಕಾ. ಅವರು ಅಂದಿದ್ದು ಇಷ್ಟು: "ಪೂರ್ತಿ ಡಸ್ಟು ಮಾಡ್ಬಿಟ್ರಲ್ರಮ್ಮಾ." ಜೋರಾಗಿಯೂ ಅನ್ನಲಿಲ್ಲ. ಆಮೇಲೆ ರಿಯಾಜ್‌ಗೆ "ಇದು ಅಂಗಡಿಗೆ ಬೇಡ. ಇದ್ರಲ್ಲೇ ಇಬ್ರಿಗೂ ಒಂದೊಂದ್ ಪೊಟ್ಟಣ ಕಟ್ಕೊಡು" ಅಂದರು. ನಿನ್ನ ಪೊಟ್ಟಣ ಈ ಕಾಗದದ ಜೊತೆ ಬರುತ್ತಿದೆ.

ಬುಧವಾರ ಜರಡಿ ಬಿಚ್ಚಿದರು. ಈಗ ನಾನು ಮೇಲ್ಗಡೆ ಇದ್ದೇನೆ. ಕೆಳಗಿನ ಮೆಷಿನ್ ಸದ್ದು ಎಷ್ಟೆಂದರೆ ಪಕ್ಕದಲ್ಲಿ ಬಂದು ಕರೆದರೂ ಕೇಳಿಸುವುದಿಲ್ಲ. ನಿನ್ನೆ ಯಾರೋ ಹೆಗಲು ಮುಟ್ಟಿ ಮಾತಾಡಿಸಿದರು, ನಾನೂ ಸುಮ್ಮನೆ ನಕ್ಕು ತಲೆಯಾಡಿಸಿದೆ.

ಕೋಪವಿದ್ದರೆ ಬರೆ. ಇಲ್ಲದಿದ್ದರೂ ಬರೆ.

ಗೌರ


ತಣಿಸಂದ್ರ
೨೦ ಏಪ್ರಿಲ್ ೨೦೨೫

ಗೌರಾ,

ಬೈದರು ಅಂತಲೇ ತಿಳಿದಿದ್ದೆ. ಒಳ್ಳೆಯದಾಯಿತು ಬರೆದಿದ್ದು. ಹಬ್ಬ ಹೇಗಾಯಿತು ಅಂತ ಕೇಳಿದರೆ ಎರಡು ಚೀಲ ಅಂದೆನಾ? ಜೀಷಾನ್‌ಗೆ ಹೇಳಿದೆ, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಬಹಳ ದಿನ ಆಗಿತ್ತು ನಾವಿಬ್ಬರೂ ಒಂದೇ ಮಾತಿಗೆ ನಕ್ಕು.

ಡಸ್ಟಿನ ಟೀ ಮಾಡಿದೆ. ಕಡು ಕಪ್ಪು. ಲೈಬಾ ಒಂದು ಗುಟುಕು ಕುಡಿದು ಲೋಟ ಇಟ್ಟಳು. ನಾನು ಬಾಲ್ಕನಿಯಲ್ಲಿ ಕೂತು ಪೂರ್ತಿ ಕುಡಿದೆ. ಎಳನೀರು ಗಾಡಿಯವನು ಈಗ ಕಲ್ಲಂಗಡಿ ಮಾರುತ್ತಿದ್ದಾನೆ.

ಎಳ್ಳಿನ ಸದ್ದನ್ನು ಬರೆದಿದ್ದೀಯಲ್ಲ, ಆ ಪುಟವನ್ನು ಮಡಿಸಿ ಬೇರೆ ಇಟ್ಟುಕೊಂಡಿದ್ದೇನೆ.

ಒಂದು ಮಾತು. ನೀನು ಕಣ್ಣು ಮುಚ್ಚಿಕೊಂಡಾಗ ನನಗೆ ನೋಡಲು ನಿನ್ನ ಮುಖದಲ್ಲಿ ಏನೂ ಇರಲಿಲ್ಲ. ಅಂಗೈಯನ್ನು ಹಿಡಿಗೆ ಗಟ್ಟಿಯಾಗಿ ಒತ್ತಿದೆ, ಕಿಟಕಿಯ ಗಾಜಿಗೆ ಒತ್ತಿದ ಹಾಗೆ. ಮೊದಲು ಭಾರವಾಗಿ ಅದುರುತ್ತಿತ್ತು. ಆಮೇಲೆ ಸಣ್ಣಗೆ, ಇರುವೆ ಹರಿದ ಹಾಗೆ. ಆ ಹೊತ್ತು ನನಗೂ ಗೊತ್ತಾಯಿತು.

ನಾನೂ ನಿಲ್ಲಿಸಲಿಲ್ಲ.

ಅಕ್ಬರಿ